ಫ್ರೆಂಚ್ ಭಾಷೆಯ ಓದುಬರಹದಲ್ಲಿ ಬಾಲಸಾಹಿತ್ಯದ ವಿನಿಯೋಗ

ಮಹಿಲಾರೋಪ್ಯದ ಅರಸನಾದ ಅಮರಶಕ್ತಿಗೆ ಮಂದಮತಿಗಳಾದ ಮೂವರು ಮಕ್ಕಳಿದ್ದರೆಂದೂ, ವಿಷ್ಣುಶರ್ಮನು ಆರೇ ತಿಂಗಳಲ್ಲಿ ಕಥೆಗಳ ಮೂಲಕ ಅವರನ್ನು ನೀತಿಶಾಸ್ತ್ರದಲ್ಲಿ ನಿಪುಣರನ್ನಾಗಿ ಮಾಡಿದನೆಂದೂ ಸಂಸ್ಕೃತ ಪಂಚತಂತ್ರದ ಪೀಠಿಕೆಯು ಹೇಳುತ್ತದೆ. ಬಾಲಶಿಕ್ಷಣದಲ್ಲಿ ಕಥೆಯ ಪ್ರಯೋಜನವನ್ನು ಕುರಿತು ನಮ್ಮಲ್ಲಿ ಯಾರು ಏನನ್ನು ಬರೆದರೂ ಈ ಪೀಠಿಕೆಯಿಂದಲೇ ಮೊದಲುಮಾಡುವುದು ವಾಡಿಕೆಯಾಗಿದೆ. ನಾನೂ ಹಾಗೆಯೇ ಮಾಡಿದೆನಷ್ಟೆ. ಆದರೆ ಆ ರಾಜಪುತ್ರರು ಕಲಿತುದು ನೀತಿಯನ್ನು, ಲಿಪಿಯನ್ನಲ್ಲವೆಂಬುದು ನಮಗೆ ಮರೆತುಹೋಗುತ್ತದೆ. ಕಥೆಯಿಂದ ನೀತಿಯನ್ನು ಕಲಿಸುವುದಕ್ಕೆ ಕೇಳುವ ಕಿವಿಯೊಂದಿದ್ದರೆ ಸಾಕು. ಕಥೆಯಿಂದ ಓದುಬರಹವನ್ನು ಕಲಿಸುವುದಕ್ಕೆ ಕಣ್ಣೂ ಕೈಯೂ ಬೇಕು. ಈ ಭೇದವು ಕನ್ನಡದಲ್ಲಾಗಲಿ ಸಂಸ್ಕೃತದಲ್ಲಾಗಲಿ ಅಷ್ಟಾಗಿ ಕಾಣಿಸದು; ಬರೆದಂತೆಯೇ ಉಚ್ಚರಿಸುವ ಭಾಷೆಗಳವು. ಫ್ರೆಂಚ್ ಭಾಷೆಯಲ್ಲಿ ಅದು ಹೆಜ್ಜೆಹೆಜ್ಜೆಗೂ ಕಾಲಿಗೆ ತೊಡರುತ್ತದೆ. ಆ ಭಾಷೆಯ ಮಕ್ಕಳ ಪುಸ್ತಕಗಳಲ್ಲಿ ಯಾವುವು ನಿಜವಾಗಿಯೂ ಓದುಬರಹವನ್ನು ಕಲಿಸಬಲ್ಲವು, ಯಾವುವು ಕಲಿಸಿದಂತೆ ತೋರುತ್ತವೆ ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶವು.

ಪಾಠಶಾಲೆಯ ಪಂಡಿತನೊಬ್ಬನು ಈ ವಿಷಯಕ್ಕೆ ಕೈಹಾಕಿದುದಕ್ಕೆ ಕಾರಣವನ್ನು ಹೇಳಬೇಕಾಗಿದೆ. ನಾನು ಶಬ್ದಮಂಜರಿ, ಅಮರಕೋಶ, ರಘುವಂಶ ಎಂಬ ಹಳೆಯ ಕ್ರಮದಲ್ಲಿ ಓದಿದವನು. ನಲವತ್ತು ದಾಟಿದ ಮೇಲೆ ಪುದುಚೇರಿಯಲ್ಲಿ ಕೆಲವು ವರ್ಷ ಗ್ರಂಥಲಿಪಿಯ ತಾಳೆಯೋಲೆಗಳ ಪಾಠಶೋಧನೆಯಲ್ಲಿದ್ದಾಗ, ಅಲ್ಲಿಯ ವಿದ್ವಾಂಸರ ಸಹವಾಸದಿಂದ ಫ್ರೆಂಚ್ ಕಲಿಯುವ ಆಸೆ ಹುಟ್ಟಿತು. ನನಗೆ ತಿಳಿದಿದ್ದ ದಾರಿ ಒಂದೇ: ಮೊದಲು ರೂಪಗಳ ಕಂಠಪಾಠ, ಆಮೇಲೆ ಕಾವ್ಯ. ಎರಡು ವರ್ಷ ಧಾತುರೂಪಗಳನ್ನು ಒಪ್ಪಿಸಿದೆನು. ಒಂದು ಕ್ಷೇಮಸಮಾಚಾರದ ಕಾಗದವನ್ನು ತಪ್ಪಿಲ್ಲದೆ ಬರೆಯಲಾರದೆ ಹೋದೆನು. ಆಗ ನನಗೆ ಪಾಠ ಹೇಳುತ್ತಿದ್ದ ವೃದ್ಧೆಯೊಬ್ಬರು ತಮ್ಮ ಮೊಮ್ಮಗನ ಕಪಾಟಿನಿಂದ ನಾಲ್ಕು ಪುಸ್ತಕಗಳನ್ನು ತೆಗೆದುಕೊಟ್ಟು, "ಪಂಡಿತರೇ, ನಿಮ್ಮ ವ್ಯಾಕರಣವನ್ನು ಒಂದು ವರ್ಷ ಮೂಲೆಗಿಡಿ, ಇವುಗಳನ್ನು ಗಟ್ಟಿಯಾಗಿ ಓದಿ" ಎಂದರು. ಬಣ್ಣದ ಚಿತ್ರಗಳಿದ್ದ ಆ ಪುಸ್ತಕಗಳನ್ನು ಕಂಕುಳಲ್ಲಿಟ್ಟುಕೊಂಡು ಬೀದಿಯಲ್ಲಿ ಬರುವಾಗ ನನಗೆ ನಾಚಿಕೆಯಾಗಿದ್ದುಂಟು. ಇಂದು ಆ ನಾಚಿಕೆಯ ಪ್ರಾಯಶ್ಚಿತ್ತವಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಫ್ರೆಂಚ್ ಬರಹದ ಸ್ವಭಾವವನ್ನು ತಿಳಿಯಬೇಕು. ಆ ಭಾಷೆಯಲ್ಲಿ ಬಹುವಚನದ ಗುರುತು ಬಹುಮಟ್ಟಿಗೆ ಕಣ್ಣಿಗೆ ಸೇರಿದುದು. ನಾಮಪದದ ಕೊನೆಯಲ್ಲಿ 'ಎಸ್' ಎಂಬ ಅಕ್ಷರವನ್ನು ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ಕ್ರಿಯಾಪದದ ಕೊನೆಯಲ್ಲಿ 'ಇ, ಎನ್, ಟಿ' ಎಂಬ ಮೂರು ಅಕ್ಷರಗಳನ್ನು ಬರೆಯುತ್ತಾರೆ, ಅವುಗಳನ್ನೂ ಉಚ್ಚರಿಸುವುದಿಲ್ಲ. 'ಅವನು ಮಾತಾಡುತ್ತಾನೆ' ಎಂಬುದೂ 'ಅವರು ಮಾತಾಡುತ್ತಾರೆ' ಎಂಬುದೂ ಕಿವಿಗೆ 'ಇಲ್ ಪಾರ್ಲ್' ಎಂದೇ ಬೀಳುತ್ತವೆ. ಕಾಗದದ ಮೇಲೆ ಎರಡೂ ಬೇರೆ. ಶಿಕ್ಷಾಶಾಸ್ತ್ರವನ್ನು ಓದಿ, ವರ್ಣವೆಂದರೆ ಧ್ವನಿಯೆಂದೇ ನಂಬಿದ್ದ ನನಗೆ ಇದು ಅನ್ಯಾಯವೆಂದು ತೋರಿತು. ಕಡೆಗೆ ಸಮಾಧಾನವು ದೊರೆತುದು ನಮ್ಮ ವ್ಯಾಕರಣದಿಂದಲೇ. ಮುಂದಿನ ಕಾರ್ಯವನ್ನು ಸೂಚಿಸುವುದಕ್ಕಾಗಿ ಒಂದು ವರ್ಣವನ್ನು ಹಚ್ಚಿ, ಪ್ರಯೋಗದಲ್ಲಿ ಅದನ್ನು ಲೋಪಮಾಡುವ ಇತ್ಸಂಜ್ಞೆಯ ಪದ್ಧತಿಯು ಪಾಣಿನೀಯರಿಗೆ ಹೊಸದೇ? ಉಪದೇಶದ ಕೊನೆಯ ವ್ಯಂಜನವು ಇತ್ತೆಂದು ಪಾಣಿನಿಯು ವಿಧಿಸಿದುದು ಫ್ರೆಂಚಿನ ಪದಾಂತ್ಯಗಳನ್ನು ನೋಡಿಯೇ ಇರಬೇಕೆಂದು ನಾನು ವಿನೋದಕ್ಕೆ ಹೇಳುತ್ತಿದ್ದುದುಂಟು.

ಆದರೆ ಈ ಸಾದೃಶ್ಯವು ಪೂರ್ತಿಯಾಗಿ ಹೊಂದುವುದಿಲ್ಲ. ಪಾಣಿನಿಯ ಅನುಬಂಧವು ಲೋಪವಾದ ಮೇಲೆ ಮತ್ತೆ ಕಿವಿಗೆ ಬಾರದು. ಫ್ರೆಂಚಿನ ಮೂಕಾಕ್ಷರವಾದರೋ ಮುಂದೆ ಸ್ವರವು ಬಂದಾಗ ಎಷ್ಟೋ ಕಡೆ ನಿದ್ರೆಯಿಂದೇಳುತ್ತದೆ. 'ಲೆ' ಎಂಬ ಬಹುವಚನದ ಉಪಪದದ ಮುಂದೆ ಮಕ್ಕಳೆಂಬ ಅರ್ಥದ 'ಆಂಫಾಂ' ಬಂದರೆ 'ಲೆಜಾಂಫಾಂ' ಎಂದಾಗುತ್ತದೆ. ಮಲಗಿದ್ದ 'ಎಸ್' ಜಕಾರದ ವೇಷದಲ್ಲಿ ಎದ್ದುಬರುತ್ತದೆ. ನಮ್ಮ 'ಒಂದಾನೊಂದು ಕಾಲದಲ್ಲಿ' ಎಂಬುದಕ್ಕೆ ಸಮನಾದ ಅವರ ಕಥಾರಂಭದ ಮಾತು 'ಇಲ್ ಎತೇ ತ್ಯೂನ್ ಫ್ವಾ' ಎಂದು. ಇದರ ಎರಡನೆಯ ಪದದ ಕೊನೆಯಲ್ಲಿ ಬರೆಯುವ 'ಟಿ' ಅಕ್ಷರವು ಬೇರೆಡೆ ಸಾಮಾನ್ಯವಾಗಿ ಮೌನವಾಗಿರುವುದು. ಇಲ್ಲಿ 'ತ್ಯೂನ್' ಎಂಬಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಅಜ್ಜಿಯ ತೊಡೆಯ ಮೇಲೆ ಕುಳಿತು ಈ ಮಾತನ್ನು ನೂರು ಸಲ ಕೇಳಿದ ಮಗುವು, ಮುಂದೆ ಅದನ್ನು ಅಚ್ಚಿನಲ್ಲಿ ಕಂಡಾಗ ಆ ಅಕ್ಷರವೇಕಿದೆಯೆಂದು ಕೇಳುವುದಿಲ್ಲ. ಕಿವಿಯು ಅದಕ್ಕೆ ಮೊದಲೇ ಸಾಕ್ಷಿ ಹೇಳಿರುತ್ತದೆ. ಇಂತಹ ಸಾಕ್ಷಿಯನ್ನು ಯಾವ ಪುಸ್ತಕವು ಹೆಚ್ಚಾಗಿ ಒದಗಿಸುತ್ತದೆಯೋ ಅದೇ ಓದುಬರಹಕ್ಕೆ ಉತ್ತಮವಾದ ಪುಸ್ತಕವೆಂಬುದು ನನ್ನ ಒರೆಗಲ್ಲು. ಅಕ್ಷರಮಾಲೆಯನ್ನು ಕಲಿಸಿದ ಮಾತ್ರದಿಂದ ಫ್ರೆಂಚ್ ಮಗುವಿಗೆ ಓದು ಒಂದಷ್ಟು ಬರುವುದು, ಬರಹವು ಬಾರದು. ಉಕ್ತಲೇಖನಕ್ಕೆ ಆ ದೇಶದಲ್ಲಿ ನಮಗೆ ಸೋಜಿಗವೆನಿಸುವಷ್ಟು ಗೌರವವಿರುವುದಕ್ಕೆ ಕಾರಣವಿದೇ. 1857ರಲ್ಲಿ ಮೂರನೆಯ ನೆಪೋಲಿಯನ್ನನ ಆಸ್ಥಾನದಲ್ಲಿ ಮೆರಿಮೇ ಎಂಬ ಕಥೆಗಾರನು ತಾನು ಕಟ್ಟಿದ ಉಕ್ತಲೇಖನವೊಂದನ್ನು ಬರೆಯಿಸಿದಾಗ ಚಕ್ರವರ್ತಿಯೂ ಹೇರಳವಾಗಿ ತಪ್ಪುಮಾಡಿದನೆಂದು ಪ್ರತೀತಿಯುಂಟು.

ಇನ್ನೊಂದು ತೊಡಕು ಭೂತಕಾಲದ್ದು. ಇಂದಿನ ಫ್ರೆಂಚರು ಮಾತಿನಲ್ಲಿ ನಡೆದುಹೋದ ಸಂಗತಿಯನ್ನು ಹೇಳುವಾಗ ಸಹಾಯಕ ಧಾತುವನ್ನೂ ಕೃದಂತವನ್ನೂ ಕೂಡಿಸಿದ 'ಪಾಸೆ ಕೊಂಪೋಸೆ' ಎಂಬ ರೂಪವನ್ನು ಬಳಸುತ್ತಾರೆ. ಕಥೆ, ಚರಿತ್ರೆಗಳಲ್ಲಿ 'ಪಾಸೆ ಸ್ಯಾಂಪ್ಲ್' ಎಂಬ ಬೇರೊಂದು ರೂಪವು ಬರುತ್ತದೆ. ಇದು ದಿನಬಳಕೆಯ ಮಾತಿನಿಂದ ಹೊರಟುಹೋಗಿ ಬಹುಕಾಲವಾಯಿತು. ತಾಯಿಯು ಕಥೆಯನ್ನು ಓದಿ ಹೇಳುವಾಗಲ್ಲದೆ ಮಗುವಿಗೆ ಇದು ಮನೆಯಲ್ಲಿ ಕಿವಿಗೆ ಬೀಳುವುದೇ ಅಪೂರ್ವ. ಹೇಳುವವನು ಕಣ್ಣಾರೆ ಕಾಣದ ಭೂತಕ್ಕೆ ಲಿಟ್ ಲಕಾರವನ್ನು ವಿಧಿಸಿರುವುದನ್ನು ಬಲ್ಲ ನಮಗೆ ಇದರ ಸ್ವಾರಸ್ಯವು ಬೇಗನೆ ತಿಳಿದೀತು. 'ಬಭೂವ', 'ಜಗಾಮ' ಎಂಬ ರೂಪಗಳನ್ನು ನಾವು ಯಾರೂ ಅಡಿಗೆಮನೆಯಲ್ಲಿ ಕೇಳಿ ಕಲಿಯಲಿಲ್ಲ. ಪುರಾಣವನ್ನು ಓದುವವರ ಬಾಯಿಂದ ಕೇಳಿ ಕಲಿತೆವು. ಹಾಗೆಯೇ ಫ್ರೆಂಚಿನಲ್ಲಿ ಈ ರೂಪಕ್ಕೆ ಕಥೆಯೇ ತವರುಮನೆ. ಕಥೆಯನ್ನು ಬಿಟ್ಟು ಪಟ್ಟಿಯಿಂದ ಕಲಿಸಹೊರಟರೆ ಅದು ಪಟ್ಟಿಯಲ್ಲಿಯೇ ಉಳಿಯುತ್ತದೆ. ನನ್ನ ಎರಡು ವರ್ಷಗಳು ಹೀಗೆಯೇ ಹೋದವು.

ಈಗ ಪುಸ್ತಕಗಳ ವಿಚಾರಕ್ಕೆ ಬರೋಣ. ಲಾ ಫೊಂತೇನನ ಪದ್ಯಕಥೆಗಳಿಗೆ ಅಗ್ರಪೂಜೆಯು ಸಲ್ಲಬೇಕು. ನಮಗೂ ಅವಕ್ಕೂ ನೆಂಟಸ್ತಿಕೆಯುಂಟು. ಮೊದಲ ಸಂಗ್ರಹವು ಹೊರಬಂದುದು 1668ರಲ್ಲಿ. 1678ರ ಎರಡನೆಯ ಸಂಗ್ರಹದ ಆರಂಭದಲ್ಲಿ ಆತನು ಭಾರತದ ಜ್ಞಾನಿಯಾದ ಪಿಲ್ಪೇ ಎಂಬವನ ಋಣವನ್ನು ಬಾಯ್ತುಂಬ ಒಪ್ಪಿಕೊಂಡಿದ್ದಾನೆ. ಪಂಚತಂತ್ರದ ಅರಬ್ಬೀ ರೂಪದಲ್ಲಿ ಬರುವ ಬಿದ್ಪಾಯ್ ಎಂಬ ಹೆಸರೇ ಹೀಗೆ ಮಾರ್ಪಟ್ಟಿದೆ. ವಸುಭಾಗಭಟ್ಟನ ಶಾಖೆಯು ಕ್ರಿ. ಶ. 1031ರ ಸುಮಾರಿಗೆ ದುರ್ಗಸಿಂಹನ ಕೈಯಲ್ಲಿ ಕನ್ನಡವಾಯಿತು. ಮತ್ತೊಂದು ಶಾಖೆಯು ಪಹ್ಲವಿ, ಅರಬ್ಬೀ, ಪಾರಸಿಗಳನ್ನು ಹಾದು 1644ರಲ್ಲಿ ಫ್ರೆಂಚ್ ಆಯಿತು. ಇಂತಹ ಕವಿಯನ್ನು ಆಕ್ಷೇಪಿಸಲು ನನ್ನ ಕೈ ನಡುಗುತ್ತದೆ. ಆಕ್ಷೇಪಿಸಿದವನು ರೂಸೋ. 1762ರ 'ಎಮಿಲ್' ಗ್ರಂಥದಲ್ಲಿ ಅವನು ಕಾಗೆ ಮತ್ತು ನರಿಯ ಕಥೆಯನ್ನು ತೆಗೆದುಕೊಂಡು, ನಮ್ಮ ಟೀಕಾಕಾರರು ಶ್ಲೋಕವನ್ನು ಬಿಡಿಸುವಂತೆ ಸಾಲುಸಾಲಾಗಿ ಬಿಡಿಸಿ, ಮಗುವಿಗೆ ಇದರಲ್ಲಿ ಯಾವ ಪದವು ತಿಳಿಯುವುದೆಂದು ಕೇಳುತ್ತಾನೆ. ಪದಗಳ ಕ್ರಮವು ಗದ್ಯದಂತಿಲ್ಲ, ಮಾತು ಹಳೆಯದು, ಮೇಲಾಗಿ ಮಗುವು ಮೋಸಹೋದ ಕಾಗೆಯ ಕಡೆಗಾಗದೆ ಗೆದ್ದ ನರಿಯ ಕಡೆಗೇ ಆಗುವುದೆಂದು ಅವನ ವಾದ. ನೀತಿಯ ಭಾಗದಲ್ಲಿ ರೂಸೋ ಅತಿಯಾಗಿ ಹೆದರಿದನೆಂದು ನನ್ನ ಮತ. ಪಂಚತಂತ್ರವನ್ನು ಓದಿದ ಮಕ್ಕಳೆಲ್ಲರೂ ದಮನಕರಾಗಲಿಲ್ಲ.

ಭಾಷೆಯ ಭಾಗದಲ್ಲಿ ಅವನ ಮಾತು ಪೂರ್ತಿಯಾಗಿ ತಳ್ಳಿಹಾಕತಕ್ಕುದಲ್ಲ. ಕಂಠಪಾಠದಲ್ಲಿಯೇ ಬೆಳೆದ ನನಗೆ ಇದನ್ನು ಒಪ್ಪುವುದು ಸುಲಭವಾಗಿರಲಿಲ್ಲ. ಪುದುಚೇರಿಯಲ್ಲಿ ನಾನು ಹತ್ತು ಪದ್ಯಕಥೆಗಳನ್ನು ಬಾಯಿಪಾಠಮಾಡಿ ಒಂದು ಗೋಷ್ಠಿಯಲ್ಲಿ ಒಪ್ಪಿಸಿ ಪ್ರಶಂಸೆಯನ್ನೂ ಪಡೆದೆನು. ಮರುದಿನ ಅದರಲ್ಲೊಂದನ್ನು ನೆನಪಿನಿಂದ ಬರೆಯುವಂತೆ ಆ ವೃದ್ಧೆಯು ಹೇಳಿದರು. ಒಂದು ಮಾತ್ರೆಯೂ ತಪ್ಪದೆ ಬಾಯಲ್ಲಿ ನಿಂತಿದ್ದ ಪದ್ಯವು ಕಾಗದದ ಮೇಲೆ ಕುಂಟುತ್ತ ಇಳಿಯಿತು, ಮೂಕಾಕ್ಷರಗಳೊಂದೂ ನೆಟ್ಟಗಿರಲಿಲ್ಲ. ವೇದವನ್ನು ಬರಹವಿಲ್ಲದೆ ಉಳಿಸಿಕೊಂಡ ಕಂಠಪಾಠವು ಫ್ರೆಂಚಿನ ಬರಹದ ಮುಂದೆ ಸೋಲುವುದನ್ನು ನಾನು ಆ ದಿನ ಕಂಡೆನು. ಲಾ ಫೊಂತೇನನನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಬಾಯಿಪಾಠಕ್ಕೆ ಮೊದಲು ಪುಟವನ್ನು ಕಣ್ಣಿಟ್ಟು ಓದಿಸಿ, ನಕಲು ಬರೆಯಿಸಿ, ಆಮೇಲೆ ಒಪ್ಪಿಸಬೇಕು. ಈ ಕ್ರಮವನ್ನು ತಲೆಕೆಳಗುಮಾಡಿದರೆ ಮಗುವಿಗೆ ಶ್ರುತಿ ದಕ್ಕುವುದು, ಲಿಪಿ ದಕ್ಕದು.

ಓದಿಗೆಂದೇ ಹುಟ್ಟಿದ ಪುಸ್ತಕದ ಮಾತೇ ಬೇರೆ. 1877ರಲ್ಲಿ ಜಿ. ಬ್ರೂನೋ ಎಂಬ ಹೆಸರಿನಲ್ಲಿ 'ಇಬ್ಬರು ಬಾಲಕರ ಫ್ರಾನ್ಸ್ ಪರ್ಯಟನ' ಎಂಬರ್ಥದ ಶೀರ್ಷಿಕೆಯ ವಾಚನಪುಸ್ತಕವೊಂದು ಪ್ರಕಟವಾಯಿತು. ಅದರ ಕರ್ತೃವು ತತ್ತ್ವಶಾಸ್ತ್ರಜ್ಞನಾದ ಆಲ್ಫ್ರೆದ್ ಫುಯೇ ಎಂಬವನ ಪತ್ನಿ ಅಗ್ಯುಸ್ತೀನ್ ಫುಯೇ. ಜರ್ಮನರ ವಶವಾದ ಲೊರೇನ್ ಪ್ರಾಂತದ ಫಾಲ್ಸ್‌ಬೂರ್ ಎಂಬ ಊರಿನಿಂದ ಹದಿನಾಲ್ಕು ವರ್ಷದ ಆಂದ್ರೇ, ಏಳು ವರ್ಷದ ಜೂಲಿಯ್ಯಾಂ ಎಂಬ ತಬ್ಬಲಿ ಸೋದರರು 1871ರಲ್ಲಿ ರಾತ್ರಿಯ ವೇಳೆ ಹೊರಟು, ಚಿಕ್ಕಪ್ಪನನ್ನು ಹುಡುಕಿಕೊಂಡು ದೇಶವನ್ನೆಲ್ಲ ಸುತ್ತುತ್ತಾರೆ. ಜ್ಯೂರಾ ಬೆಟ್ಟದ ಗಿಣ್ಣುಮನೆಗಳು, ಕ್ರೆಜೋ ಎಂಬಲ್ಲಿನ ಕಬ್ಬಿಣದ ಕಾರ್ಖಾನೆ, ಲಿಯೋಂ ನಗರದ ರೇಷ್ಮೆ ಮಗ್ಗಗಳು ಒಂದೊಂದಾಗಿ ಎದುರಾಗುತ್ತವೆ. ಅಧ್ಯಾಯಗಳು ನೂರಕ್ಕೂ ಹೆಚ್ಚು, ಒಂದೊಂದೂ ಒಂದು ಪಾಠಕ್ಕಾಗುವಷ್ಟು ಚಿಕ್ಕದು, ಪ್ರತಿಯೊಂದರ ತಲೆಯ ಮೇಲೂ ಒಂದು ನೀತಿವಾಕ್ಯ. 1881-82ರ ಶಾಸನಗಳಿಂದ ಪ್ರಾಥಮಿಕ ಶಿಕ್ಷಣವು ಉಚಿತವೂ ಕಡ್ಡಾಯವೂ ಆದಾಗ ಈ ಪುಸ್ತಕಕ್ಕೆ ಸುಗ್ಗಿಯೊದಗಿತು. 1901ರ ಹೊತ್ತಿಗೆ ಸುಮಾರು 60 ಲಕ್ಷ ಪ್ರತಿಗಳು ಅಚ್ಚಾಗಿದ್ದುವು. 1906ರಲ್ಲಿ ದೇವರ ಹೆಸರನ್ನೂ ಪ್ರಾರ್ಥನೆಗಳನ್ನೂ ತೆಗೆದುಹಾಕಿದ ಪರಿಷ್ಕರಣವು ಬಂದಿತು.

ಆ ಕಾಲದ ಫ್ರಾನ್ಸಿನಲ್ಲಿ ಎಷ್ಟೋ ಮಕ್ಕಳ ಮನೆಮಾತು ಫ್ರೆಂಚ್ ಆಗಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಬ್ರೆತೋಂ, ಆಕ್ಸಿತಾಂ, ಬಾಸ್ಕ್ ನುಡಿಗಳ ಮಕ್ಕಳಿಗೆ ಅದು ಶಾಲೆಯಲ್ಲಿಯೇ ದೊರೆತ ಭಾಷೆ. ಅವರಿಗೆ ಈ ಪುಸ್ತಕವು ಸರಳವಾದ, ಕಡೆದಿಟ್ಟಂತಹ ವಾಕ್ಯಗಳನ್ನು ಕೊಟ್ಟಿತು; ಮುಂದೇನಾಯಿತೆಂಬ ಕುತೂಹಲವು ಪುಟವನ್ನು ಮಗುಚಿಸಿತು. ಓದನ್ನು ಕಲಿಸುವ ಕೆಲಸದಲ್ಲಿ ಈ ಪುಸ್ತಕಕ್ಕೆ ಸಾಟಿಯಾದುದು ವಿರಳವೆಂದೇ ಹೇಳಬೇಕು. ಬರಹದ ವಿಷಯದಲ್ಲಿ ಹೀಗೆ ಹೇಳಲಾರೆನು. ಜೂಲಿಯ್ಯಾಂ ಕಡೆಯವರೆಗೂ ಶಿಷ್ಯನೇ. ಅವನು ಪ್ರಶ್ನೆ ಕೇಳುತ್ತಾನೆ, ದೊಡ್ಡವರು ಉತ್ತರ ಹೇಳುತ್ತಾರೆ, ಅವನು ಸಂತೋಷಪಡುತ್ತಾನೆ. ಅವನ ಬಾಯಲ್ಲಿ ಒಂದಾದರೂ ಹುಡುಗಾಟದ ಮಾತು, ಒಂದಾದರೂ ತನ್ನದೇ ಆದ ಸುಳ್ಳು ಬರಬಾರದೇ ಎಂದು ನನಗೆ ಅನೇಕ ಸಲ ಅನಿಸಿತು. ಇಂತಹ ಪುಸ್ತಕವನ್ನು ಓದಿ ಮುಗಿಸಿದ ಮಗುವು ಲೇಖನಿಯನ್ನು ಕೈಗೆತ್ತಿಕೊಂಡರೆ ನೀತಿವಾಕ್ಯವನ್ನೇ ಬರೆದೀತು.

ಅದರ ಮರುವರ್ಷ, 1878ರಲ್ಲಿ, ಎಕ್ತೋರ್ ಮಾಲೋ ಬರೆದ 'ಸಾಂ ಫಾಮೀಯ್' ಬಂದಿತು, ಬಂಧುಗಳಿಲ್ಲದವನೆಂದು ಅರ್ಥ. ಇದೂ ದಾರಿಹೋಕ ಬಾಲಕನ ಕಥೆಯೇ. ಬೀದಿಯ ಆಟಗಾರನಾದ ವಿತಾಲಿಸನು ರೆಮಿ ಎಂಬ ಹುಡುಗನಿಗೆ ಮರದ ಚಿಕ್ಕ ಬಿಲ್ಲೆಗಳ ಮೇಲೆ ಅಕ್ಷರಗಳನ್ನು ಕೊರೆದುಕೊಟ್ಟು ಓದನ್ನು ಕಲಿಸುವ ಪ್ರಸಂಗವು ಇದರಲ್ಲಿದೆ. ಹುಡುಗನ ಜೊತೆಗೆ ಕಾಪಿ ಎಂಬ ನಾಯಿಯೂ ಪಾಠಕ್ಕೆ ಕೂರುತ್ತದೆ! ಗುರುವು ಹೇಳಿದ ಅಕ್ಷರವನ್ನು ಅದು ಕಾಲಿನಿಂದ ಎಳೆದು ತೋರಿಸುತ್ತದೆ. ಹುಡುಗನಿಗಿಂತ ಅದರ ನೆನಪೇ ಗಟ್ಟಿ. ವಿನೋದಕ್ಕೆ ಬರೆದ ಈ ಪ್ರಸಂಗದಲ್ಲಿ ಒಂದು ಶಾಸ್ತ್ರಾರ್ಥವೇ ಅಡಗಿದೆ. ಅಕ್ಷರದ ಗುರುತು ನಾಯಿಗೂ ಸಿದ್ಧಿಸೀತು. ರೆಮಿಯಾದರೋ ಮುಂದೆ ಪುಸ್ತಕಕ್ಕೆ ಹೋಗುತ್ತಾನೆ, ನಾಯಿಯು ಬಿಲ್ಲೆಗಳಲ್ಲಿಯೇ ಉಳಿಯುತ್ತದೆ. ವಾಚನಪಾಠದ ಕ್ರಮವನ್ನು ಕುರಿತು ಶಿಕ್ಷಕರು ನಡೆಸುವ ಚರ್ಚೆಗಳಲ್ಲಿ ಬಹುಭಾಗವು ಈ ಬಿಲ್ಲೆಗಳ ಹಂತದಲ್ಲಿಯೇ ನಿಂತುಬಿಡುವುದುಂಟು.

ತೀರ ಎಳೆಯ ಮಕ್ಕಳಿಗಾಗಿ ಪೋಲ್ ಫೊಶೇ 1931ರಲ್ಲಿ ಆರಂಭಿಸಿದ 'ಪೇರ್ ಕಾಸ್ತೋರ್' ಮಾಲೆಯ ತೆಳುವಾದ ಚಿತ್ರಪುಸ್ತಕಗಳನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಅವುಗಳ ಗುಣವು ಸರ್ವಸಮ್ಮತವಾಗಿದೆ. 1950ರ 'ರೂಲ್ ಗಾಲೆತ್' ಎಂಬುದರಲ್ಲಿ ಮುದುಕಿಯು ಬೇಯಿಸಿದ ರೊಟ್ಟಿಯೊಂದು ಕಿಟಕಿಯಿಂದ ಉರುಳಿ ಓಡಿಹೋಗಿ, ಮೊಲ, ತೋಳ, ಕರಡಿಗಳ ಮುಂದೆ ಒಂದೇ ಹಾಡನ್ನು ಮತ್ತೆಮತ್ತೆ ಹಾಡಿ, ಕಡೆಗೆ ನರಿಯ ಬಾಯಿಗೆ ಬೀಳುತ್ತದೆ. ನಮ್ಮ ಕಾಗಕ್ಕ ಗುಬ್ಬಕ್ಕನ ಕಥೆಯಂತೆ ಇದರ ಜೀವವೆಲ್ಲ ಪುನರುಕ್ತಿಯಲ್ಲಿದೆ. ಅಲಂಕಾರಿಕರು ಪುನರುಕ್ತಿಯನ್ನು ದೋಷವೆಂದರು. ಓದು ಕಲಿಯುವ ಕಣ್ಣಿಗೆ ಅದೇ ಊರುಗೋಲು. ಮೂರನೆಯ ಸಲಕ್ಕೆ ಮಗುವು ಹಾಡನ್ನು ಬಲ್ಲುದು. ತಾನು ಬಲ್ಲ ಧ್ವನಿಗೆ ಪುಟದ ಮೇಲೆ ಎಷ್ಟು ಅಕ್ಷರಗಳು ಹೆಚ್ಚಾಗಿವೆಯೆಂದು ಆಗ ಅದರ ಕಣ್ಣು ಎಣಿಸತೊಡಗುತ್ತದೆ.

ನಾನು ಹೆಚ್ಚು ಕಾಲ ನಿಲ್ಲಬೇಕೆಂದಿರುವುದು ರೆನೇ ಗೊಸ್ಸಿನೀ ಬರೆದು ಸೆಂಪೇ ಚಿತ್ರಿಸಿದ 'ಲ ಪೆತೀ ನಿಕೊಲಾ' ಎಂಬ ಪುಸ್ತಕದಲ್ಲಿ. ಇದು ಪುಸ್ತಕವಾಗಿ ಬಂದುದು 1960ರಲ್ಲಿ. ಪುಟ್ಟ ನಿಕೊಲಾ ಎಂಬ ಶಾಲೆಯ ಹುಡುಗನು ತನ್ನ ಕಥೆಯನ್ನು ತಾನೇ ಹೇಳುತ್ತಾನೆ. ಮೊದಲ ಕಥೆಯಲ್ಲಿ ತರಗತಿಯ ಭಾವಚಿತ್ರ ತೆಗೆಯುವವನು ಬರುತ್ತಾನೆ. ಹುಡುಗರು ಜಗಳವಾಡಿ, ಮಣ್ಣಾಗಿ, ಮುಖ ತೊಳೆದು, ಸಾಲುಗಟ್ಟುವಷ್ಟರಲ್ಲಿ ಅವನು ಪೆಟ್ಟಿಗೆಯನ್ನೆತ್ತಿಕೊಂಡು ಹೊರಟುಹೋಗಿರುತ್ತಾನೆ. ವಸ್ತುವು ಇಷ್ಟೇ. ಇದನ್ನು ಹುಡುಗನು 'ಆಮೇಲೆ', 'ಮತ್ತೆ', 'ಏಕೆಂದರೆ' ಎಂದು ಕೊಕ್ಕೆಗೆ ಕೊಕ್ಕೆ ಸೇರಿಸುತ್ತ, ಉಸಿರು ಕಟ್ಟುವವರೆಗೆ ಒಂದೇ ವಾಕ್ಯದಲ್ಲಿ ಹೇಳುತ್ತಾನೆ. ಅವನು ಬಳಸುವ ಭೂತಕಾಲವೂ ಬಾಯಿಮಾತಿನದೇ, ಎಂದರೆ ಪಾಸೆ ಕೊಂಪೋಸೆ. ತಾನೇ ಕಂಡು, ತಾನೇ ಮಾಡಿದ ತುಂಟತನಕ್ಕೆ ಪರೋಕ್ಷಭೂತವು ಹೇಗೆ ಹೊಂದೀತು?

ಇಷ್ಟೇ ಆಗಿದ್ದರೆ ಇದು ಆಡುಮಾತಿನ ಪುಸ್ತಕವೆಂದು ಬಿಟ್ಟುಬಿಡಬಹುದಾಗಿತ್ತು. ಇದರ ಮರ್ಮವು ಬೇರೆಡೆಯಿದೆ. ಮಾತು ಪೂರ್ತಿಯಾಗಿ ಹುಡುಗನದು, ಅಕ್ಷರವಿನ್ಯಾಸವು ಪೂರ್ತಿಯಾಗಿ ಪಂಡಿತನದು. ಹುಡುಗನ ಉಚ್ಚಾರಣೆಯನ್ನು ಅನುಕರಿಸುವ ನೆಪದಿಂದ ಗೊಸ್ಸಿನೀ ಕಾಗುಣಿತವನ್ನು ಕೆಡಿಸಲಿಲ್ಲ. ಬಹುವಚನದ ಎಸ್ಸುಗಳೂ ಕ್ರಿಯಾಪದಗಳ ಮೂಕಾಂತ್ಯಗಳೂ ಇರುವಲ್ಲಿ ಇವೆ. ಹೀಗಾಗಿ ಮಗುವು ತಾನು ದಿನವೂ ಆಡುವ ವಾಕ್ಯವೇ ಸಭೆಗೆ ಹೋಗುವ ಉಡುಪನ್ನು ತೊಟ್ಟು ಎದುರು ನಿಂತಿರುವುದನ್ನು ಕಾಣುತ್ತದೆ. ಕಿವಿಯ ಭಾಷೆಗೂ ಕಣ್ಣಿನ ಭಾಷೆಗೂ ಇಷ್ಟು ನೇರವಾದ ಮುಖಾಮುಖಿಯನ್ನು ನಾನು ಬೇರೆ ಪುಸ್ತಕದಲ್ಲಿ ಕಾಣಲಿಲ್ಲ. ಪಂಜೆ ಮಂಗೇಶರಾಯರ ಮಕ್ಕಳ ಕಥೆಗಳನ್ನು ಓದಿ ಬೆಳೆದವರಿಗೆ ಬಾಯಿಮಾತಿನ ಲಯವನ್ನು ಪುಟಕ್ಕೆ ತರುವ ಸುಖವು ಪರಿಚಿತವೇ. ಆದರೆ ಕನ್ನಡದಲ್ಲಿ ಅದಕ್ಕಾಗಿ ಕೇಳದ ಅಕ್ಷರಗಳ ಲೆಕ್ಕವನ್ನಿಡಬೇಕಾಗಿಲ್ಲ. ನಿಕೊಲಾ ಪುಸ್ತಕದ ಕೊರತೆಯನ್ನೂ ಹೇಳಬೇಕು. ಅದರ ಹುಡುಗಮಾತು 1950ರ ದಶಕದ್ದು, ಕೆಲವು ಪದಗಳು ಇಂದಿನ ಮಕ್ಕಳಿಗೆ ಅಜ್ಜಂದಿರ ಮಾತಾಗಿವೆ. ಹುಡುಗಿಯರು ಅದರಲ್ಲಿ ಅಪರೂಪಕ್ಕೆ ಬರುತ್ತಾರೆ. ಪಾಸೆ ಸ್ಯಾಂಪ್ಲ್ ಅದರಿಂದ ಬರುವಂತಿಲ್ಲ.

ಆ ಕೊರತೆಯನ್ನು ತುಂಬುವವನು ಮಾರ್ಸೆಲ್ ಎಮೇ. 1934ರಿಂದ ಮೊದಲ್ಗೊಂಡು ಬಂದ ಅವನ 'ಕೋಂತ್ ದ್ಯು ಶಾ ಪೆರ್ಶೇ' ಕಥೆಗಳಲ್ಲಿ ದೆಲ್ಫೀನ್, ಮಾರಿನೆತ್ ಎಂಬ ಇಬ್ಬರು ರೈತರ ಹೆಣ್ಣುಮಕ್ಕಳೂ ಮಾತಾಡುವ ಪ್ರಾಣಿಗಳೂ ಇದ್ದಾರೆ. ಒಂದು ಕಥೆಯಲ್ಲಿ ಊರ ಕಾಡಿನ ಮರಗಳನ್ನು ಕುರಿತ ಶಾಲೆಯ ಲೆಕ್ಕವು ಮಕ್ಕಳಿಗೆ ಬಿಡಿಸಲಾಗದಿರಲು, ಪ್ರಾಣಿಗಳೆಲ್ಲ ಕೂಡಿ ಕಾಡಿಗೇ ಹೋಗಿ ಮರಗಳನ್ನು ಎಣಿಸತೊಡಗುತ್ತವೆ. ಇಲ್ಲಿ ನಿರೂಪಣೆಯು ಪಾಸೆ ಸ್ಯಾಂಪ್ಲ್‌ನಲ್ಲಿ ಸಾಗುತ್ತದೆ, ಸಂಭಾಷಣೆಯು ಮನೆಯ ಮಾತಿನಲ್ಲಿ ನಡೆಯುತ್ತದೆ. ಒಂದೇ ಪುಟದಲ್ಲಿ ಎರಡೂ ಪಕ್ಕಪಕ್ಕದಲ್ಲಿರುವುದರಿಂದ, ಯಾವುದು ಎಲ್ಲಿಯದೆಂದು ನಿಯಮವನ್ನು ಹೇಳದೆಯೇ ತಿಳಿಯುತ್ತದೆ. ನಿಕೊಲಾ ಮೊದಲು, ಎಮೇ ಆಮೇಲೆ: ಇದು ನಾನು ಒಪ್ಪುವ ಕ್ರಮ.

ನಮ್ಮ ದೇಶದಲ್ಲಿ ಫ್ರೆಂಚ್ ಕಲಿಸುವವರು ಬಹುಮಂದಿ ಮೊದಲು ಕೈಗಿಡುವುದು 'ಲ ಪೆತೀ ಪ್ರ್ಯಾಂಸ್' ಎಂಬ ಸ್ಯಾಂತೆಕ್ಸ್ಯುಪೇರಿಯ ಗ್ರಂಥವನ್ನು. 1943ರಲ್ಲಿ ನ್ಯೂಯಾರ್ಕಿನಲ್ಲಿಯೂ 1946ರಲ್ಲಿ ಫ್ರಾನ್ಸಿನಲ್ಲಿಯೂ ಪ್ರಕಟವಾದ ಈ ಪುಟ್ಟ ರಾಜಕುಮಾರನ ಕಥೆಯು ಸುಂದರವಾದುದೆಂಬುದರಲ್ಲಿ ಎರಡು ಮಾತಿಲ್ಲ. ಪದಗಳು ಸುಲಭ, ವಾಕ್ಯಗಳು ಚಿಕ್ಕವು. ಆದುದರಿಂದ ಆರಂಭಕ್ಕೆ ತಕ್ಕುದೆಂದು ತಿಳಿಯುತ್ತಾರೆ. ವಿಮಾನಚಾಲಕನು ತನ್ನ ಬಾಲ್ಯವನ್ನು ಹೇಳಿಕೊಳ್ಳುವಲ್ಲಿ ಪಾಸೆ ಕೊಂಪೋಸೆ ಹೆಚ್ಚು. ರಾಜಕುಮಾರನಿಂದ ಕೇಳಿ ತಿಳಿದ ಗ್ರಹಗಳ ಕಥೆಗಳಲ್ಲಿ ಪಾಸೆ ಸ್ಯಾಂಪ್ಲ್ ಹೆಚ್ಚು. ಪ್ರತ್ಯಕ್ಷಪರೋಕ್ಷಗಳ ಈ ಹಂಚಿಕೆಯು ಎಲ್ಲೆಡೆಯೂ ನಿಷ್ಕೃಷ್ಟವಲ್ಲ. 'ಎಂದನು', 'ಉತ್ತರಕೊಟ್ಟನು' ಎಂಬಂತಹ ಮಾತುಗಳು ಚಾಲಕನ ಮುಂದೆಯೇ ನಡೆದರೂ ಪಾಸೆ ಸ್ಯಾಂಪ್ಲ್‌ನಲ್ಲಿವೆ. ಆದರೂ ಬಲ್ಲ ಗುರುವಿನ ಕೈಯಲ್ಲಿ ಇದು ರತ್ನದಂತಹ ಪಾಠವು. ದುರ್ದೈವದಿಂದ, ನಾನು ನೋಡಿದ ತರಗತಿಗಳಲ್ಲಿ ಇದನ್ನು ಯಾರೂ ತೋರಿಸಲಿಲ್ಲ. ಗ್ರಂಥದಿಂದ ನಾಲ್ಕು ಸೂಕ್ತಿಗಳನ್ನು ಆರಿಸಿ ಗೋಡೆಗೆ ಅಂಟಿಸಿದ್ದರು. ಪರೀಕ್ಷೆಗೆ ಸಾರಾಂಶವನ್ನು ಬಾಯಿಪಾಠ ಮಾಡಿಸಿದ್ದರು. ನಮ್ಮ ನಾಡಿನ ಪದವಿಪೂರ್ವ ತರಗತಿಗಳಲ್ಲಿ ಅಂಕಗಳ ಆಸೆಯಿಂದ ಫ್ರೆಂಚನ್ನು ಆರಿಸಿಕೊಳ್ಳುವ ಮಕ್ಕಳಿಗೆ ಇಷ್ಟೇ ದಕ್ಕುವುದಾದರೆ, ಅವರು ಕನ್ನಡವನ್ನೂ ಬಿಟ್ಟು ಫ್ರೆಂಚನ್ನೂ ಪಡೆಯದೆ ಹೋಗುತ್ತಾರೆಂಬ ವ್ಯಥೆಯನ್ನು ಇಲ್ಲಿ ಮುಚ್ಚಿಡಲಾರೆನು. 'ಸುಲಭ ಫ್ರೆಂಚ್' ಎಂಬ ಹೆಸರಿನ ಕೆಲವು ಸಂಕ್ಷೇಪಗಳಂತೂ ಕಥೆಯ ಪಾಸೆ ಸ್ಯಾಂಪ್ಲ್‌ಗಳನ್ನೆಲ್ಲ ವರ್ತಮಾನಕ್ಕೆ ತಿರುಗಿಸಿಬಿಡುತ್ತವೆ. ಮುಳ್ಳೆಂದು ಬೇರನ್ನು ಕಿತ್ತಂತಾಯಿತು.

ಫ್ರಾನ್ಸಿನಲ್ಲಿಯೂ ಎಲ್ಲವೂ ನೆಟ್ಟಗಿದೆಯೆಂದು ಭಾವಿಸಬೇಕಾಗಿಲ್ಲ. 2002ರ ಪಠ್ಯಕ್ರಮದಲ್ಲಿ ಪ್ರಾಥಮಿಕ ಶಾಲೆಯ ಕಡೆಯ ಮೂರು ವರ್ಷಗಳಿಗೆ ಸಾಹಿತ್ಯವೆಂಬ ವಿಷಯವು ಹೆಸರುಗೊಂಡು ಸೇರಿತು, 180 ಕೃತಿಗಳ ಪಟ್ಟಿಯೂ ಹೊರಟಿತು. ಬಾಲಸಾಹಿತ್ಯಕ್ಕೆ ಅಂತಹ ಮನ್ನಣೆಯು ದೊರೆತುದು ದೊಡ್ಡ ಸಂಗತಿಯೇ ಸರಿ. ಆದರೆ ಪಟ್ಟಿಗೆ ಸೇರಿದ ಪುಸ್ತಕದ ಬೆನ್ನಿಗೆ ಪ್ರಶ್ನಾವಳಿಯು ಅಂಟಿಕೊಳ್ಳುವುದು ಎಲ್ಲ ದೇಶಗಳ ಶಾಲಾಧರ್ಮ. ರಸಾಸ್ವಾದಕ್ಕೆ ವಿಘ್ನಗಳು ಇಂತಿಂತಹವೆಂದು ಅಭಿನವಗುಪ್ತನು ಎಣಿಸಿದ್ದಾನೆ; ಅವನು ಶಾಲೆಯ ಪ್ರಶ್ನಾವಳಿಯನ್ನು ಕಂಡಿದ್ದರೆ ಇನ್ನೊಂದನ್ನು ಸೇರಿಸುತ್ತಿದ್ದನು. ಅಧ್ಯಾಯವು ಮುಗಿಯುವ ಮೊದಲೇ 'ಇಲ್ಲಿ ಎಷ್ಟು ವಿಶೇಷಣಗಳಿವೆ?' ಎಂದು ಕೇಳಿದರೆ ಮಗುವು ವಿಶೇಷಣಗಳನ್ನೆಣಿಸೀತು, ಮುಂದಿನ ಪುಟವನ್ನು ಮಗುಚದು.

ಬರಹಕ್ಕೆ ಓದೊಂದೇ ಸಾಕೆ ಎಂಬ ಪ್ರಶ್ನೆಯು ಉಳಿಯಿತು. ಇದಕ್ಕೆ ಉತ್ತರವನ್ನು ಕೃತಿಯಲ್ಲಿ ತೋರಿಸಿದವನು ಸೆಲೆಸ್ತ್ಯಾಂ ಫ್ರೆನೇ. ಮೊದಲನೆಯ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯವಾಗಿ, ಬಹಳ ಹೊತ್ತು ಗಟ್ಟಿಯಾಗಿ ಮಾತಾಡಲಾರದೆ ಹೋದ ಈ ಉಪಾಧ್ಯಾಯನು, 1920ರ ದಶಕದಲ್ಲಿ ಫ್ರಾನ್ಸಿನ ದಕ್ಷಿಣದ ಬಾರ್-ಸ್ಯುರ್-ಲೂ ಎಂಬ ಹಳ್ಳಿಯ ಶಾಲೆಗೆ ಒಂದು ಸಣ್ಣ ಅಚ್ಚಿನ ಯಂತ್ರವನ್ನು ತಂದನು. ಮಕ್ಕಳು ತಾವು ಕಂಡುದನ್ನು ತಾವೇ ಹೇಳಿ, ತಾವೇ ಬರೆದು, ತಾವೇ ಮೊಳೆಗಳನ್ನು ಜೋಡಿಸಿ ಅಚ್ಚುಹಾಕಿದರು. ಆ ಹಾಳೆಗಳನ್ನು ದೂರದ ಬ್ರಿತಾನಿಯ ಮಕ್ಕಳಿಗೆ ಕಳುಹಿಸಿದರು. ಅಲ್ಲಿಂದ ಬಂದುದನ್ನು ಓದಿದರು. ಮಕ್ಕಳಿಗಾಗಿ ಬರೆದ ಸಾಹಿತ್ಯದ ಜೊತೆಗೆ ಮಕ್ಕಳೇ ಬರೆದ ಸಾಹಿತ್ಯವೊಂದು ಹೀಗೆ ಹುಟ್ಟಿತು. ಈ ಪದ್ಧತಿಯನ್ನು ಸಾಮಾನ್ಯವಾಗಿ ಸ್ವಾತಂತ್ರ್ಯದ ದೃಷ್ಟಿಯಿಂದ ಹೊಗಳುತ್ತಾರೆ. ನನ್ನ ಕಣ್ಣಿಗೆ ಬಿದ್ದುದು ಆ ಮೊಳೆ. ಕಿವಿಗೆ ಕೇಳದ 'ಎಸ್' ಅಕ್ಷರವನ್ನು ಪೆಟ್ಟಿಗೆಯ ಮನೆಯಿಂದ ಬೆರಳಿನಿಂದೆತ್ತಿ, ಅದರ ತೂಕವನ್ನರಿತು, ಪದದ ಕೊನೆಯಲ್ಲಿಡಬೇಕು. ಇಡದಿದ್ದರೆ ಆ ತಪ್ಪು ಅಚ್ಚಾಗಿ ನೂರಾರು ಹರದಾರಿ ದೂರದ ಗೆಳೆಯರ ಕೈಸೇರುತ್ತದೆ. ಮೌನವಾದ ಅಕ್ಷರಕ್ಕೆ ಇದಕ್ಕಿಂತ ಹೆಚ್ಚಿನ ಭಾರವನ್ನು ಯಾವ ವ್ಯಾಕರಣವೂ ಕೊಡಲಾರದು.

ನಿಕೊಲಾನನ್ನು ಮೂರು ಸಲ ಓದಿ ಮುಗಿಸಿದ ಮೇಲೆ ನಾನೂ ಒಂದು ಪುಟವನ್ನು ಬರೆದೆನು. ನಮ್ಮ ಪಾಠಶಾಲೆಯಲ್ಲಿ ಸಹಪಾಠಿಯೊಬ್ಬನು ಗುರುಗಳ ನಶ್ಯದ ಡಬ್ಬಿಯಲ್ಲಿ ಮೆಣಸಿನಪುಡಿಯನ್ನು ತುಂಬಿದ ದಿನದ ಕಥೆಯದು. ನಿಕೊಲಾನಂತೆಯೇ 'ಆಮೇಲೆ', 'ಏಕೆಂದರೆ' ಎಂದು ಪೋಣಿಸುತ್ತ ಹೋದೆನು. ಆ ವೃದ್ಧೆಯು ಓದುತ್ತ ನಕ್ಕರು. ನಗುತ್ತಲೇ ಕೆಂಪು ಪೆನ್ಸಿಲಿನಿಂದ ಹನ್ನೊಂದು ಕಡೆ ಗುರುತು ಹಾಕಿದರು. ಹನ್ನೊಂದರಲ್ಲಿ ಒಂಬತ್ತು, ನಾನು ಬರೆಯದೆ ಬಿಟ್ಟ, ಕಿವಿಗೆ ಕೇಳದ ಅಕ್ಷರಗಳು. ಉಳಿದ ಎರಡರ ವಿಷಯದಲ್ಲಿ ನಮ್ಮಿಬ್ಬರಿಗೂ ಆ ಸಂಜೆಯೆಲ್ಲ ವಾದ ನಡೆಯಿತು. ಒಂದನ್ನು ಅವರು ಬಿಟ್ಟುಕೊಟ್ಟರು.